ಕೇಳಿ, ಆದ್ರೆ ಸ್ವಲ್ಪ ಜೋರಾಗಿ ಕೇಳಿ

ಹೋದ್ ತಿಂಗಳು "ವಯಸ್ಸಾಗ್ತಿದೆ ಅಂತ ನಿಮ್ಗೆ ನಗು ಬಂದಿದ್ದು ಯಾವಾಗ" ಅಂತ ಇಲ್ಲಿ ಕೇಳಿದ್ದೆ ನೋಡಿ, ಕಾಗದ, ವಾಟ್ಸಾಪು, ವಾಯ್ಸ್ ಮೆಸೇಜು ಎಲ್ಲಾ ಸೇರಿ ಒಂದ್ ಮೊರದಷ್ಟು ಬಂದಿದೆ. ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲಾ ಹುಡುಕಿದ ಕಥೆನೇ ಹನ್ನೊಂದು. ಅದನ್ನ ಪಕ್ಕಕ್ಕಿಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ, ಅದು ನಮ್ಮಜ್ಜನ ಕಾಲದ್ದು. ನಂಗೂ ಈಗ 68, ಮೂವತ್ತು ವರ್ಷ ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಟ್ಟವಳು, ಹಂಗಾಗಿ ಮಧ್ಯೆ ಮಧ್ಯೆ ಪಾಠ ಬಂದ್ರೆ ಸಹಿಸ್ಕೊಳ್ಳಿ.

ಬೆಳಿಗ್ಗೆ ದೇವರಿಗೆ ನಮಸ್ಕಾರ ಹಾಕಿ ಎದ್ದೇಳೋವಾಗ ಎರಡೂ ಮಂಡಿ ಕಟಕಟ ಅನ್ನತ್ತೆ. ಮೊಮ್ಮಗಳು "ತಾತಾ, ಯಾರೋ ಹಪ್ಪಳ ಮುರೀತಿದಾರೆ" ಅಂತಾಳೆ. ಮಂಡಿ ಸವೆದೇ ಹೋಯ್ತಾ ಅಕ್ಕಾ?
- ಕಟಕಟ ಮಂಡಿ, ತುಮಕೂರು

ನೋವಿಲ್ಲ, ಊತ ಇಲ್ಲ, ಮಂಡಿ ಅರ್ಧದಲ್ಲಿ ಸಿಕ್ಹಾಕ್ಕೊಳಲ್ಲ ಅಂದ್ರೆ ಸದ್ದಿಗೆ ಹೆದರ್ಬೇಡಿ. ಕೀಲಿನ ಒಳಗಿರೋ ದ್ರವದಲ್ಲಿ ಗಾಳಿಗುಳ್ಳೆ ಆಗತ್ತೆ, ಸ್ನಾಯುಗಳ ದಾರ ಮೂಳೆ ಮೇಲೆ ಜಾರತ್ತೆ, ಅದೇ ಆ ಮ್ಯೂಸಿಕ್ಕು. ಇದಕ್ಕೊಂದು ಒಳ್ಳೇ ಕಥೆ ಇದೆ. ಅಮೆರಿಕಾದಲ್ಲಿ ಡೊನಾಲ್ಡ್ ಅಂಗರ್ ಅಂತ ಒಬ್ಬ ಡಾಕ್ಟ್ರು, ಚಿಕ್ಕೋನಿದ್ದಾಗ ನೆಟಿಕೆ ಮುರೀಬೇಡ ಬೆರಳಿಗೆ ಸಂಧಿವಾತ ಬರತ್ತೆ ಅಂತ ಅವರಮ್ಮ, ಚಿಕ್ಕಮ್ಮ ಅತ್ತೆಯಂದ್ರು, ಮದುವೆ ಆದ್ಮೇಲೆ ಹೆಣ್ ಕೊಟ್ಟ ಅತ್ತೇನೂ ಬೈತಿದ್ರಂತೆ (ಈ ವಿಷಯದಲ್ಲಿ ಅಮೆರಿಕಾನೂ ತುಮಕೂರೂ ಒಂದೇ ನೋಡಿ). ಆ ಮನುಷ್ಯ ಏನ್ ಮಾಡ್ದ, ಎಡಗೈದು ಮಾತ್ರ ದಿನಕ್ಕೆ ಎರಡು ಸಲನಾದ್ರೂ ಮುರೀತಾ ಬಂದ, ಬಲಗೈ ಸುಮ್ನೆ ಬಿಟ್ಟ. 50 ವರ್ಷ! 1998ರಲ್ಲಿ ಲೆಕ್ಕ ಬರೆದು ಕಳ್ಸಿದ್ರು, ಕಮ್ಮಿ ಅಂದ್ರೂ 36,500 ಸಲ, ಎರಡೂ ಕೈಗೆ ಸಂಧಿವಾತ ಇಲ್ಲ. 2009ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಪ್ರಶಸ್ತಿನೂ ಬಂತು. ಅದು ಬೆರಳಿಂದು, ನಿಮ್ದು ಮಂಡಿ, ಒಬ್ಬರ ಲೆಕ್ಕ ಎಲ್ಲರಿಗೂ ಹಾಕಕ್ಕಾಗಲ್ಲ, ಅದೂ ನಿಜ. ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಮುಂದಕ್ಕೆ ಚಾಚಿ ಸ್ವಲ್ಪ ಹೊತ್ತು ಹಿಡ್ಕೊಂಡು ಇಳಿಸಿ, ದಿನಾ ಮಾಡಿ, ತೊಡೆ ಗಟ್ಟಿ ಆದ್ರೆ ಮಂಡಿ ಮೇಲಿನ ಭಾರ ಇಳಿಯತ್ತೆ. ಹಪ್ಪಳ ಮುರಿಯೋ ಸದ್ದು ಹಂಗೇ ಇರ್ಲಿ, ಮಗುಗೆ ಬೆಳಿಗ್ಗೆ ಎಚ್ಚರ ಆಗಕ್ಕೆ ಬೇಕಲ್ಲ.

ನಮ್ಮನೆಯವ್ರಿಗೆ ಅಡುಗೆಮನೆಯಿಂದ ನಾನ್ ಹತ್ತು ಸಲ ಕರೆದ್ರೂ ಕೇಳಲ್ಲ, ಅವರ ಫ್ರೆಂಡು ಗೇಟ್ ಹತ್ರ ಬಂದು ಕೆಮ್ಮಿದ್ರೆ ತಕ್ಷಣ ಕೇಳತ್ತೆ. ಇದು ಕಿವೀನಾ, ನಾಟಕಾನಾ?
- ಗಂಟಲು ಹೋದವಳು, ಹಾಸನ

ನಲವತ್ತೈದು ವರ್ಷದ ಸಂಸಾರದ ಅನುಭವದಲ್ಲಿ ಹೇಳ್ಬೇಕಂದ್ರೆ ಸ್ವಲ್ಪ ನಾಟಕನೂ ಇರತ್ತೆ. ಆದ್ರೆ ಕಿವಿ ಕಡೆಯಿಂದನೂ ಒಂದು ಮಾತು ಹೇಳ್ತೀನಿ ಕೇಳಿ, ವಯಸ್ಸಾದಂಗೆ ಮೊದಲು ಹೋಗೋದು ಕೀರಲು ಸ್ವರ, ಅಂದ್ರೆ ಹೆಂಗಸರದ್ದು, ಮಕ್ಕಳದ್ದು. ಗಂಡಸರ ದಪ್ಪ ದನಿ, ಕೆಮ್ಮು, ಗೇಟಿನ ಸದ್ದು ಇವೆಲ್ಲಾ ಇನ್ನೂ ಸುಮಾರು ದಿನ ಕೇಳತ್ತೆ. ಇನ್ನೊಂದ್ ಏನಂದ್ರೆ ಸ, ಶ, ತ, ಫ ಥರದ ಅಕ್ಷರ ಕೇಳ್ಸಲ್ಲ, ಅ ಇ ಉ ಒ ಎಲ್ಲಾ ಕೇಳ್ಸತ್ತೆ, ಹಂಗಾಗಿ "ಕೇಳ್ಸತ್ತೆ ಆದ್ರೆ ಏನಂದೆ ಅಂತ ಗೊತ್ತಾಗಲ್ಲ" ಅಂತಾರೆ, ಅದು ಸುಳ್ಳಲ್ಲ. ನಮ್ಮನೇಲಿ "ಸೊಪ್ಪು ತನ್ನಿ" ಅಂದೆ, ಇವ್ರಿಗೆ ಕೇಳ್ಸಿದ್ದು "ಉಪ್ಪು ತನ್ನಿ". ಮೂರು ಸಲ ಆಯ್ತು. ಈಗ ನಮ್ಮನೇಲಿ ಮೂರ್ ಪ್ಯಾಕೆಟ್ ಉಪ್ಪಿದೆ, ಬಸ್ಸಾರು ಮಾತ್ರ ಇನ್ನೂ ಆಗಿಲ್ಲ.

ನಗ್ತಾನೇ ಇನ್ನೊಂದು ಹೇಳ್ಬೇಕು. ನಮ್ಮಮ್ಮನಿಗೆ ಎಪ್ಪತ್ತೈದರ ಮೇಲೆ ಇದೇ ಆಯ್ತು, ಅವಳು ಏನೋ ಕೇಳ್ಸ್ಕೊಂಡು ಏನೋ ಉತ್ತರ ಕೊಡೋಳು, ಹಬ್ಬಕ್ಕೆ ಸೇರಿದಾಗ ನಾವು ಅಕ್ಕತಂಗಿಯರು ಬಿದ್ದು ಬಿದ್ದು ನಗ್ತಿದ್ವಿ, ಅಮ್ಮನೂ ನಗ್ತಿದ್ಲು. ಆಮೇಲೆ ಯಾವಾಗ್ಲೋ ಅವಳು ತಪ್ಪು ಉತ್ತರ ಕೊಡೋದು ನಿಂತೋಯ್ತು, ಪರವಾಗಿಲ್ಲ ಚೂಟಿ ಆಗಿದಾಳೆ ಅಂದ್ಕೊಂಡ್ವಿ. ಒಂದಿನ ನಾನು "ಅಮ್ಮಾ, ರಾತ್ರಿಗೆ ಮುದ್ದೆ ಮಾಡ್ಲಾ ಚಪಾತಿ ಮಾಡ್ಲಾ" ಅಂದೆ, "ಹೂಂ" ಅಂದ್ಲು. ಮತ್ತೆ ಕೇಳ್ದೆ, ಮತ್ತೆ ಹೂಂ, ನಗು ಬೇರೆ. ಆವಾಗ ಹೊಳೀತು, ಅವಳು ಎಷ್ಟೋ ತಿಂಗಳಿಂದ ನಮ್ ಮಾತು ಕೇಳ್ಸ್ಕೊಳ್ಳೋದನ್ನೇ ಬಿಟ್ಟಿದ್ಲು, ನಾವ್ ನಗ್ತೀವಿ ಅಂತ ಬರೀ ಹೂಂಗುಟ್ತಿದ್ಲು. ಮಿಷನ್ ಹಾಕ್ಸಿದ್ವಿ, ಆದ್ರೆ ತಡ ಆಗಿತ್ತು, ಅವಳಿಗೆ ಅದು ಒಗ್ಗಲೇ ಇಲ್ಲ, ಕೊನೇವರೆಗೂ ಡ್ರಾಯರ್ನಲ್ಲೇ ಇತ್ತು.

ಆದ್ದರಿಂದ ಮಹರಾಯ್ತಿ, ಹಾಸನದಿಂದ ಮೈಸೂರು ದೂರ ಏನಿಲ್ಲ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತಾರೆ, ಕಿವಿ ಟೆಸ್ಟ್ ಮಾಡ್ಸಿ. ಅಲ್ಲೀವರೆಗೆ ಅಡುಗೆಮನೆಯಿಂದ ಕಿರುಚ್ಬೇಡಿ. ಹತ್ರ ಹೋಗಿ ಮುಖ ನೋಡ್ಕೊಂಡು ನಿಧಾನಕ್ಕೆ ಹೇಳಿ, ಜೋರಾಗಿ ಅಲ್ಲ. ನಾಟಕ ಆಗಿದ್ರೆ ಅದೂ ಮುಖದಲ್ಲೇ ಗೊತ್ತಾಗತ್ತೆ.

ಅಕ್ಕಾರ, ನನ್ನ ಕಿವಿ ದಿನಾ ದೊಡ್ಡವಾಗಾಕತ್ತಾವ ಅಂತ ಹೆಂಡ್ತಿ ಅಂತಾಳ. ಖರೇ ಏನ್ರಿ?
- ಗಣಪ್ಪನ ದೋಸ್ತ, ಧಾರವಾಡ

ಖರೇ ರೀ. ಇಂಗ್ಲೆಂಡಿನ ಜೇಮ್ಸ್ ಹೀತ್‌ಕೋಟ್ ಅನ್ನೋ ಡಾಕ್ಟ್ರು 206 ಜನರ ಕಿವಿ ಅಳೆದು 1995ರಲ್ಲಿ ಅಲ್ಲಿನ ದೊಡ್ಡ ಮೆಡಿಕಲ್ ಪತ್ರಿಕೇಲಿ ಬರೆದ್ರು, ವರ್ಷಕ್ಕೆ ಸುಮಾರು 0.22 ಮಿಲಿಮೀಟರ್ ಉದ್ದ ಆಗತ್ತಂತೆ. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಚಿಲ್ಲರೆ. ಕೇಳೋದು ಕಮ್ಮಿ ಆದಂಗೆಲ್ಲಾ ಕಿವಿ ದೊಡ್ಡದಾಗೋದು ಹೆಂಗಂದ್ರೆ ವ್ಯಾಪಾರ ಇಳಿದಂಗೆಲ್ಲಾ ಅಂಗಡಿ ಬೋರ್ಡು ದೊಡ್ಡದ್ ಮಾಡ್ಸ್ದಂಗೆ.

ರೈಲಲ್ಲಿ ನನ್ನ ಹೆಂಡ್ತಿಗೆ 46, ಅವಳಿಗೆ ಲೋವರ್ ಬರ್ತ್. ನಂಗೆ 58, ನಂಗೆ ಅಪ್ಪರ್. ಯಾವ ನ್ಯಾಯ ಇದು?
- ಮೇಲಿನವನು, ದಾವಣಗೆರೆ

ರೈಲ್ವೆ ಲೆಕ್ಕದಲ್ಲಿ ಹೆಂಗಸರಿಗೆ 45ಕ್ಕೆ ಮಂಡಿ ನೋವು ಶುರು, ಗಂಡಸರಿಗೆ 60ಕ್ಕೆ. ಇನ್ನೆರಡು ವರ್ಷ ಹತ್ತಿ ಇಳೀರಿ. ಆಮೇಲೂ ಕೆಳಗೆ ಖಾಲಿ ಇದ್ರೆ ಮಾತ್ರ ಸಿಗೋದು.

ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಡಕ್ಕೆ ಹೋದ್ರೆ ಹತ್ತೂ ಬೆರಳು ಇಟ್ರೂ ಮಿಷನ್ ಒಪ್ಪಲಿಲ್ಲ. ಅಲ್ಲಿದ್ದ ಹುಡುಗ "ಸರ್, ನೀವು ಮ್ಯಾಚ್ ಆಗ್ತಿಲ್ಲ" ಅಂದ. ಎದುರಿಗೇ ಕೂತಿದೀನಿ ಮಾರಾಯ!
- ಬದುಕಿರುವವನು, ಶಿವಮೊಗ್ಗ

ಈ ಪತ್ರ ಓದಿ ನಾನು ಇವ್ರು ಇಬ್ರೂ ತುಂಬಾ ಹೊತ್ತು ನಕ್ವಿ, ಯಾಕಂದ್ರೆ ನಂಗೂ ಹೋದ ನವೆಂಬರ್‌ನಲ್ಲಿ ಇದೇ ಆಗಿತ್ತು. ವಯಸ್ಸಾದಂಗೆ ಬೆರಳ ತುದಿ ಚರ್ಮ ತೆಳು ಆಗಿ ಒಣಗತ್ತೆ, ಗೆರೆ ಸವೆಯತ್ತೆ, ಪಾತ್ರೆ ತಿಕ್ಕಿದೋರಿಗೆ, ತೋಟದ ಕೆಲಸ ಮಾಡಿದೋರಿಗೆ, ಸೀಮೆಸುಣ್ಣ ಹಿಡಿದೋರಿಗೆ ಇನ್ನೂ ಜಾಸ್ತಿ. ಮೂವತ್ತು ವರ್ಷ ಕೆಲಸ ಮಾಡಿ ಗೆರೆ ಅಳ್ಸ್ಕೊಂಡಿದ್ದಕ್ಕೇ ಪೆನ್ಷನ್ನು, ಆ ಗೆರೆ ಇಲ್ಲ ಅಂತ ಪೆನ್ಷನ್ ನಿಲ್ಸೋದು! ಕೈ ತೊಳೆದು ಒಂಚೂರು ಕೊಬ್ಬರಿ ಎಣ್ಣೆ ಸವರಿ ಒರೆಸ್ಕೊಂಡು ಇಟ್ರೆ ಕೆಲವು ಸಲ ತಗೊಳತ್ತೆ. ಇಲ್ಲಾಂದ್ರೆ 2021ರಿಂದ ಮುಖ ತೋರ್ಸೋ ವ್ಯವಸ್ಥೆನೂ ಇದೆ, ಜೀವನ್ ಪ್ರಮಾಣ್ ಆಪ್‌ನಲ್ಲಿ ಮನೆಯಿಂದಲೇ ಮಾಡ್ಬೋದು, ಮೊಮ್ಮಕ್ಕಳನ್ನ ಕೂರಿಸ್ಕೊಳ್ಳಿ. ಅದು ಮಧ್ಯದಲ್ಲಿ ಕಣ್ಣು ಮಿಟುಕ್ಸಿ ಅನ್ನತ್ತೆ. ಈ ವಯಸ್ಸಲ್ಲಿ ಕಣ್ ಹೊಡೀರಿ ಅಂತ ಕೇಳೋದು ಸರ್ಕಾರ ಒಂದೇ, ಹೊಡೆದ್ಬಿಡಿ.

ನಾನು ಡಲ್ಲಾಸ್‌ನಲ್ಲಿದೀನಿ, ಅಪ್ಪ ಅಮ್ಮ ಮೈಸೂರಲ್ಲಿ. ಅಪ್ಪನಿಗೆ 71, ಎಲ್ಲದಕ್ಕೂ ಜೋಕು. ಈಗೆರಡು ವಾರದಿಂದ ವಿಡಿಯೋ ಕಾಲಲ್ಲಿ ಮಾತಾಡ್ತಾ ಏದುಸಿರು ಬಿಡ್ತಾರೆ, ಕೇಳಿದ್ರೆ "ಹಳೇ ಅಂಬಾಸಿಡರ್ ಮಗಳೇ, ಚಾಮುಂಡಿ ಬೆಟ್ಟ ಹತ್ತಲ್ಲ" ಅಂತ ನಗಿಸಿ ಫೋನ್ ಇಡ್ತಾರೆ. ನಾನೂ ನಕ್ಕು ಸುಮ್ನಾಗ್ಲಾ ಆಂಟಿ?

ಸುಮ್ನಾಗ್ಬೇಡ ಪುಟ್ಟಿ. ಮಂಡಿ ಸದ್ದಿಗೆ ನಗ್ಬೋದು, ಹೊಸದಾಗಿ ಶುರುವಾದ ಏದುಸಿರಿಗೆ ಅಲ್ಲ. ಕಾಲು ಊದಿದೆಯಾ, ರಾತ್ರಿ ಮಲಗಿದ್ರೆ ಉಸಿರು ಕಟ್ಟತ್ತಾ ಅಂತ ಅಮ್ಮನ್ನ ಕೇಳು, ಅಪ್ಪನ್ನಲ್ಲ. ಏನೇ ಹೇಳ್ಲಿ, ಒಂದೆರಡು ದಿನದಲ್ಲೇ ಡಾಕ್ಟ್ರ ಹತ್ರ ಕಳ್ಸು, ಇಸಿಜಿ, ರಕ್ತ ಪರೀಕ್ಷೆ ಆಗ್ಲಿ. ಎದೆ ಹಿಡ್ಕೊಂಡಂಗಾದ್ರೆ, ಕೂತಿದ್ರೂ ಏದುಸಿರು ಬಂದ್ರೆ ಕಾಯೋದೇ ಬೇಡ, ಆಗ್ಲೇ 108ಕ್ಕೆ ಫೋನ್ ಮಾಡಕ್ಕೆ ಹೇಳು. ಇಂಥ ಅಪ್ಪಂದ್ರು ಹೆದರಿಕೆ ಆದಾಗ್ಲೇ ಜಾಸ್ತಿ ಜೋಕ್ ಮಾಡೋದು, ನಮ್ಮನೇಲೂ ಒಬ್ರು ಇದಾರೆ. "ಅಂಬಾಸಿಡರ್‌ಗೂ ಸರ್ವಿಸ್ ಬೇಕಪ್ಪಾ" ಅಂದ್ಬಿಡು, ಅವರ ಭಾಷೇಲೇ ಹೇಳಿದ್ರೆ ಹೋಗ್ತಾರೆ.

ನಿಮ್ಮ ಕಾಲಂ ಓದಿ ನನಗೆ ನಗು ಬರುವುದಿಲ್ಲ. ವಯಸ್ಸು 79. ಬೆನ್ನು ನೋವು ದಿನಾ. ಪತ್ನಿ ಹೋಗಿ ಎರಡು ವರ್ಷವಾಯಿತು. ನಗಲು ಏನಿದೆ, ಯಾರಿದ್ದಾರೆ?
- ಒಬ್ಬ ಹಳೆಯ ಓದುಗ, ಬೆಂಗಳೂರು

ಸರ್, ನಿಮ್ ಕಾಗದ ನಾಲ್ಕು ದಿನ ಟೇಬಲ್ ಮೇಲಿತ್ತು. ನಗಿ ಅಂತ ನಾನ್ ಹೇಳಲ್ಲ. ಮೇಲಿರೋದೆಲ್ಲಾ ನೋಡಿ, ಹಪ್ಪಳ ಅನ್ನಕ್ಕೆ ಮೊಮ್ಮಗಳು, ಕಿವಿ ದೊಡ್ಡದು ಅನ್ನಕ್ಕೆ ಹೆಂಡ್ತಿ, ಎಲ್ಲಾದ್ರಲ್ಲೂ ಇನ್ನೊಬ್ರು ಇದಾರೆ, ಒಬ್ಬರೇ ಕೂತ್ರೆ ಮಂಡಿ ಸದ್ದು ಬರೀ ಮಂಡಿ ಸದ್ದೇ.

ನಾನೊಂದು ಸಲ ಪಾರ್ಕಿನ ಲಾಫಿಂಗ್ ಕ್ಲಬ್ಬಿಗೆ ಹೋಗಿದ್ದೆ, ಕೈ ಮೇಲೆತ್ತಿ ಹ್ಹೋ ಹ್ಹೋ ಹ್ಹಾ ಹ್ಹಾ ಹ್ಹಾ. ನಾಚಿಕೆ ಆಯ್ತು. ಮದನ್ ಕಟಾರಿಯಾ ಅನ್ನೋ ಡಾಕ್ಟ್ರು 1995ರಲ್ಲಿ ಮುಂಬೈ ಪಾರ್ಕಲ್ಲಿ ಐದು ಜನರಿಂದ ಶುರು ಮಾಡಿದ್ದು ಇದು, ಮೊದಲು ಜೋಕ್ ಹೇಳಿ ನಗ್ತಿದ್ರಂತೆ, ಎರಡು ವಾರಕ್ಕೆ ಜೋಕೆಲ್ಲಾ ಖಾಲಿ, ಆಮೇಲೆ ಸುಮ್ಸುಮ್ನೆ ನಗಕ್ಕೆ ಶುರು ಮಾಡಿದ್ರು. ನಂಗೆ ಆ ನಗು ಹಿಡಿಸ್ಲಿಲ್ಲ. ಆದ್ರೆ ಅದಾದ್ಮೇಲೆ ಅವ್ರೆಲ್ಲಾ ದರ್ಶಿನಿಲಿ ನಿಂತು ಬೈಟು ಕಾಫಿ ಕುಡೀತಾ ಯಾರ ಬಿಪಿ ಎಷ್ಟು, ಯಾರ ಸೊಸೆ ಏನಂದ್ಲು ಅಂತ ಮಾತಾಡ್ತಾರಲ್ಲ, ಅದಕ್ಕೆ ಈಗ್ಲೂ ಹೋಗ್ತೀನಿ, ನಗೋ ಹೊತ್ತು ಮುಗಿದ್ಮೇಲೆ. ನೀವೂ ನಿಮ್ ಮನೆ ಹತ್ರದ ಪಾರ್ಕಿಗೆ ಹಂಗೇ ಲೇಟಾಗಿ ಹೋಗಿ. ಬೆನ್ನು ನೋವು ಅಂತ ಹೇಳಿ ಸಾಕು, ಹತ್ತು ಜನ ಹತ್ತು ಎಣ್ಣೆ ಹೆಸರು ಹೇಳ್ತಾರೆ, ಯಾವ್ದೂ ಹಚ್ಚಬೇಡಿ, ಡಾಕ್ಟ್ರಿಗೆ ತೋರ್ಸಿ.

ಆಮೇಲೆ ಇನ್ನೊಂದು ಕಾಗದ ಬರೀರಿ ಸರ್. ಅಕ್ಷರ ಸ್ವಲ್ಪ ದೊಡ್ಡದಿರ್ಲಿ, ಈ ಸಲದ್ದು ಓದಕ್ಕೆ ಎದುರುಮನೆ ಹುಡುಗನ್ನ ಕರೀಬೇಕಾಯ್ತು.