ರಾತ್ರಿ ಮೂರು ಗಂಟೆಯ ಮಂಪರು, ಇಳಿಜಾರಿನ ಗೇರು

ಪ್ರಶ್ನೆ: ಮಾನ್ಯರೇ, ನಾನು ಹಾಸನ ತಾಲ್ಲೂಕಿನವನು. ನಾಲ್ಕು ವರ್ಷ ಊರಿನ ಸುತ್ತಮುತ್ತ ಟಿಪ್ಪರ್ ಓಡಿಸಿದ ಮೇಲೆ ಈ ಬೇಸಿಗೆಯಲ್ಲಿ ಮೊದಲ ಸಲ ಹತ್ತು ಚಕ್ರದ ಲಾರಿಯಲ್ಲಿ ಶುಂಠಿ ತುಂಬಿಕೊಂಡು ದೆಹಲಿಗೆ ಹೋಗಿ, ಅಲ್ಲಿಂದ ಜಲಂಧರ್‌ಗೆ ತೆರಳಿ ಬಿತ್ತನೆ ಆಲೂಗೆಡ್ಡೆ ತಂದೆ. ಪುಣೆಯ ಬಳಿ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವಾಗ ಜೊತೆಗಿದ್ದ ಹಿರಿಯ ಚಾಲಕರು ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸಿದರು; ಹಲವು ಲಾರಿಗಳು ಯಾವ ಗೇರೂ ಹಾಕದೆ ನ್ಯೂಟ್ರಲ್‌ನಲ್ಲಿ ನಮ್ಮನ್ನು ದಾಟಿ ಹೋದವು. ಬರುವಾಗ ಒಂದು ರಾತ್ರಿ ಮೂರರ ಸುಮಾರಿಗೆ ಕಣ್ಣು ತೆರೆದೇ ಇದ್ದರೂ ಹಿಂದಿನ ಒಂದೆರಡು ಕಿಲೋಮೀಟರ್ ಹೇಗೆ ಬಂದೆನೆಂಬುದು ನೆನಪಿರಲಿಲ್ಲ. ಗೆಡ್ಡೆ ಕೆಡುತ್ತದೆ, ಎಲ್ಲಿಯೂ ನಿಲ್ಲಿಸಬೇಡ ಎಂದು ಓನರ್ ಹೇಳಿದ್ದರು. ಇದು ನನ್ನ ದೌರ್ಬಲ್ಯವೇ?

ಉತ್ತರ: ಅಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ನಿದ್ದೆಯನ್ನೇ ಬೇಡುತ್ತದೆ. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೂ ಇದರಿಂದ ವಿನಾಯಿತಿ ಇಲ್ಲ. ನಿಮಗೆ ನೆನಪಿಲ್ಲದ ಆ ದಾರಿಯಲ್ಲಿ ನಿಮ್ಮ ಮಿದುಳು ನಡುನಡುವೆ ಕೆಲವು ಕ್ಷಣ ನಿದ್ದೆ ಮಾಡಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಮಂಪರು ಬಂದರೆ ಲಾರಿ 65 ಮೀಟರ್‌ಗಿಂತ ಹೆಚ್ಚು ದೂರ ಯಾರ ಹಿಡಿತವೂ ಇಲ್ಲದೆ ಸಾಗುತ್ತದೆ. ಕಿಟಕಿ ತೆರೆಯುವುದು, ಮುಖಕ್ಕೆ ನೀರು ಹಾಕುವುದು, ಹಾಡು ಹಾಕುವುದು ಕೆಲವು ನಿಮಿಷಕ್ಕಷ್ಟೇ ಆದಾವು. ಕಾಫಿಯ ಪ್ರಭಾವವೂ ಮೈಗೆ ಹತ್ತಲು ಅರ್ಧ ಗಂಟೆಯಷ್ಟು ಬೇಕಾಗುವುದರಿಂದ, ಕುಡಿದ ಕೂಡಲೇ ಸ್ಟಿಯರಿಂಗ್ ಹಿಡಿಯದೆ ಇಪ್ಪತ್ತು ನಿಮಿಷ ಮಲಗಿ ಎದ್ದರೆ ಎರಡರ ಲಾಭವೂ ಸಿಗುತ್ತದೆ. ಆದರೆ ಇದು ಮುಂದಿನ ಲಾರಿ ನಿಲ್ದಾಣವನ್ನು ತಲುಪುವಷ್ಟಕ್ಕೆ ಮಾತ್ರ. ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಗೆಡ್ಡೆಯ ವಿಷಯದಲ್ಲಿ ನಿಮ್ಮ ಓನರ್ ಅವರ ಆತಂಕ ಸುಳ್ಳಲ್ಲ, ಆದರೆ ಅವರು ಕಂಡುಕೊಂಡ ದಾರಿ ಸರಿಯಲ್ಲ. ಗೆಡ್ಡೆಗೂ ಉಸಿರಾಟವಿದೆ; ಟಾರ್ಪಾಲಿನ ಕೆಳಗೆ ಗಾಳಿಯಾಡದೆ ಸೆಕೆ ತುಂಬಿಕೊಂಡಾಗ ಅದರ ಒಳಭಾಗ ಕಪ್ಪಾಗುತ್ತದೆ. ಹಾಳುಮಾಡುವುದು ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿಯಾಗಿ ಮುಚ್ಚಿ ನಿಲ್ಲಿಸಿದ ಲಾರಿಯೇ ಹೊರತು ತಂಪಾದ ಇರುಳಿನಲ್ಲಿ ಟಾರ್ಪಾಲಿನ ಪಕ್ಕ ಎತ್ತಿ ಕಟ್ಟಿ ನಾಲ್ಕು ಗಂಟೆ ನಿಲ್ಲಿಸಿದ ಲಾರಿಯಲ್ಲ. ಚಾಲಕನನ್ನು ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು.

ಇನ್ನು ಗೇರಿನ ಮಾತು. ನಿಮ್ಮ ಹಿರಿಯರು ಮಾಡಿದ್ದೇ ಸರಿ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು, ಅದನ್ನೂ ಇಳಿಜಾರಿನ ತಲೆಯಲ್ಲೇ ಹಾಕಿಕೊಳ್ಳಬೇಕು. ನಡುದಾರಿಯಲ್ಲಿ ಬದಲಿಸಲು ಹೋಗಿ ಗೇರು ಬೀಳದಿದ್ದರೆ ಲಾರಿ ನ್ಯೂಟ್ರಲ್‌ನಲ್ಲೇ ಉಳಿದು, ಎಂಜಿನ್ ಹಿಡಿದೆಳೆಯುವುದು ನಿಂತು, 28 ಟನ್ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಹೊಸಬನಾಗಿದ್ದಾಗ ನಾನೂ ಡೀಸೆಲ್ ಉಳಿಸುವ ಆಸೆಯಿಂದ ಕಾಫಿ ಮೂಟೆಯ ಲೋಡನ್ನು ಶಿರಾಡಿ ಘಾಟಿಯಲ್ಲಿ ನ್ಯೂಟ್ರಲ್‌ನಲ್ಲೇ ಇಳಿಸಿದ್ದೆ. ಮಾರನಹಳ್ಳಿ ದಾಟಿದ ಮೇಲೆ, ಚಕ್ರದ ಡ್ರಮ್ಮಿಗೆ ಒತ್ತಿ ಅದನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬಂತು, ಪೆಡಲು ಎಷ್ಟು ಒತ್ತಿದರೂ ಲಾರಿ ಮೊದಲಿನಂತೆ ಮಾತು ಕೇಳಲಿಲ್ಲ. ಕಾದ ಡ್ರಮ್ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಹೇಗೋ ಸಮತಟ್ಟು ಸಿಕ್ಕಿದಾಗ ನಿಲ್ಲಿಸಿ ನೋಡಿದರೆ ಹಿಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಕ್ಲೀನರ್ ಹುಡುಗ ರಸ್ತೆಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ಮಾತಾಡಲೇ ಇಲ್ಲ. ನಿಮ್ಮನ್ನು ದಾಟಿ ಹೋದವರು ಉಳಿಸಿದ ಡೀಸೆಲ್‌ಗೆ ದಯವಿಟ್ಟು ಆಸೆಪಡಬೇಡಿ.

ಮುಂದಿನ ಟ್ರಿಪ್‌ಗೆ ಹೊರಡುವ ಮೊದಲೇ ಓನರ್ ಅವರೊಂದಿಗೆ ಕುಳಿತು, ಯಾವ ರಾತ್ರಿ ಎಲ್ಲಿ ನಿಲ್ಲುತ್ತೀರಿ, ಎಷ್ಟು ಗಂಟೆಗೆ ಮತ್ತೆ ಹೊರಡುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಒಪ್ಪಿಸಿ. ಒಪ್ಪದಿದ್ದರೆ ಎರಡನೆಯ ಚಾಲಕನನ್ನು ಕೇಳಿ. ಅದಕ್ಕೂ ಒಪ್ಪದವರ ಲಾರಿ ನಿಮಗೆ ಬೇಡ.