ಕಾಲಿಡಲು ತೆರಪಿರುವ ಜಾಗ

ಓದುಗರ ಪತ್ರ: ಯೂಲ್‌ಟೈಡ್ ಎಂಬ ಫ್ಯಾನ್ ಫಿಕ್ಷನ್ ಉಡುಗೊರೆ ವಿನಿಮಯಕ್ಕೆ ಈ ವರ್ಷ ಮೊದಲ ಸಲ ಹೆಸರು ಕೊಡುತ್ತಿದ್ದೇನೆ. ಇಷ್ಟದ ಕೃತಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಹೊಸ ಕಥೆಯೇ ಫ್ಯಾನ್ ಫಿಕ್ಷನ್; ಇಲ್ಲಿ ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಬರೆದು ಉಡುಗೊರೆ ಕೊಡುತ್ತಾರೆ. ಬರೆದುಕೊಡುತ್ತೇನೆ ಎನ್ನಲು ಎಂಟು ಫ್ಯಾಂಡಮ್ (ಅಭಿಮಾನಿಗಳು ಕಥೆ ಕಟ್ಟುವ ಮೂಲ ಕೃತಿ) ಆರಿಸಿದ್ದೇನೆ. ಅದರಲ್ಲಿ ಮೂರು ವೆಬ್ ಸೀರೀಸ್‌ಗಳನ್ನು ಅರ್ಧಂಬರ್ಧ ನೋಡಿದ್ದೇನೆ ಅಷ್ಟೇ. ಜಾಸ್ತಿ ಕೊಟ್ಟರೆ ಕಥೆ ಕೇಳಿದವರೊಬ್ಬರ ಜೊತೆ ಜೋಡಿ ಬೇಗ ಸಿಗುತ್ತದೆ ಅನ್ನುತ್ತಾಳೆ ಗೆಳತಿ. ಚಿಕ್ಕಂದಿನಿಂದ ಓದುತ್ತಿರುವ ಒಂದು ಪತ್ತೇದಾರಿ ಕಾದಂಬರಿಯೂ ಭಾಗವಹಿಸುವವರು ಸೂಚಿಸಿದ ಕೃತಿಗಳ ಪಟ್ಟಿಯಲ್ಲಿ, ಅಂದರೆ ಈ ಸಲದ ನಾಮಿನೇಷನ್‌ನಲ್ಲಿದೆ. ಯಾರು ಕೇಳುತ್ತಾರೆ ಎಂದು ಅದನ್ನು ಸೇರಿಸಲು ಹಿಂಜರಿಕೆ. ಏನು ಮಾಡಲಿ?
– ಓದುಗಿ, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ಪಟ್ಟಿ ಉದ್ದವಿದ್ದಷ್ಟೂ ಹೊಂದಿಸುವವರಿಗೆ ಅನುಕೂಲ. ಆದರೆ ಜೋಡಿ ಸಿಕ್ಕಿದ ಮೇಲೆ ಬರೆಯಬೇಕಾದವರು ನೀವು, ಅಲ್ವಾ? ಕೊಟ್ಟ ಎಂಟರಲ್ಲಿ ಯಾವುದು ಬೇಕಾದರೂ ನಿಮ್ಮ ಪಾಲಿಗೆ ಬರಬಹುದು. ಬಂದರೆ ಕನಿಷ್ಠ 1000 ಪದಗಳ ಕಥೆ ಕೊಡಬೇಕು.

2003ರಲ್ಲಿ ಈ ವಿನಿಮಯ ಶುರುವಾಗಿದ್ದೇ ಹೆಚ್ಚು ಜನ ಬರೆಯದ ಫ್ಯಾಂಡಮ್‌ಗಳಿಗಾಗಿ. ನಿಮ್ಮ ಪಕ್ಕದ ಗದುಗಿನ ಕುಮಾರವ್ಯಾಸನಿಗೂ ಇದೇ ಪ್ರಶ್ನೆ ಎದುರಾಗಿತ್ತು. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ, ಆ ಕಥೆಯಲ್ಲಿ 'ಕಾಲಿಡಲು ತೆರಪಿಲ್ಲ' ಎಂದು ಹಾಡಿ ಅವನು ಭಾರತವನ್ನು ಎತ್ತಿಕೊಂಡ. ಇನ್ನೊಬ್ಬರ ಕಥೆಯನ್ನು ಪ್ರೀತಿಯಿಂದ ತನ್ನದಾಗಿಸಿ ಹೇಳುವುದು ನಮಗೆ ಹೊಸದಲ್ಲ. ಪಂಪ 941ರಲ್ಲೇ ಮಾಡಿದ. ಫ್ಯಾನ್ ಫಿಕ್ಷನ್ ಅಂದರೆ ಮೂಗು ಮುರಿಯುವವರು ಇದನ್ನು ಯಾಕೆ ಮರೆಯುತ್ತಾರೋ ನನಗೆ ಗೊತ್ತಿಲ್ಲ.

'ಯಾರು ಕೇಳುತ್ತಾರೆ' ಅಂದಿರಿ. ಅಲ್ಲಿ ನಾನು ನಿಮ್ಮನ್ನು ಸ್ವಲ್ಪ ಗದರಬೇಕು. ಆ ಕಾದಂಬರಿ ನಾಮಿನೇಷನ್‌ಗೆ ತಾನಾಗೇ ಬಂತೇ? ಎಲ್ಲೋ ಒಬ್ಬರು ಕೂತು ಅದರ ಹೆಸರು, ಪಾತ್ರಗಳ ಹೆಸರು ಎಲ್ಲ ಟೈಪ್ ಮಾಡಿ ಸೇರಿಸಿದ್ದಾರೆ. 'ಪ್ರಿಯ ಬರಹಗಾರರೇ' ಎಂದು ಪತ್ರವನ್ನೂ ಬರೆದಿಟ್ಟಿರಬಹುದು, ಇಂಥ ಪಾತ್ರ ಇಷ್ಟ, ಇಂಥದ್ದು ಬೇಡ ಎಂದು. ಡಿಸೆಂಬರ್ 25ರ ಬೆಳಿಗ್ಗೆ ಅವರು ತಮ್ಮ ಉಡುಗೊರೆ ತೆರೆಯುತ್ತಾರೆ. ಬರೆದವರು ಯಾರೆಂದು ಜನವರಿ 1ರವರೆಗೆ ಗೊತ್ತಾಗುವುದಿಲ್ಲ. ಆ ಒಂದು ವಾರ ಅವರ ಕೈಯಲ್ಲಿರುವುದು ಕಥೆ ಮಾತ್ರ. ಬರೆದವರು ಮೂಲವನ್ನು ಓದಿದ್ದಾರೋ, ಸುಮ್ನೆ ಕಣ್ಣಾಡಿಸಿದ್ದಾರೋ ಎರಡನೇ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ.

ಗೊತ್ತಾದಾಗ ಆಗುವ ನೋವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸ್ನೇಹಿತನೊಬ್ಬನ ಮೊದಲ ಕಥಾಸಂಕಲನಕ್ಕೆ ಹಿರಿಯರೊಬ್ಬರು ಮೂರು ಪುಟದ ಮುನ್ನುಡಿ ಕೊಟ್ಟರು. ಅದರಲ್ಲಿ 'ಇಲ್ಲಿ ಹರಿಯುವ ನದಿಯ ಚಿತ್ರಗಳು' ಎಂದು ಹೊಗಳಿಕೆ. ಪುಸ್ತಕದಲ್ಲಿ ನದಿಯೇ ಇಲ್ಲ! ಎಲ್ಲವೂ ಬಯಲುಸೀಮೆಯ ಕಥೆಗಳು, ಒಂದರಲ್ಲಿ ಬತ್ತಿದ ಬಾವಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವನು ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ನನಗೆ ತೋರಿಸಿದ. ಏನೂ ಮಾತಾಡಲಿಲ್ಲ. ಅಭಿನಂದನ ಗ್ರಂಥಗಳಲ್ಲೂ ಇದೇ ಕಥೆ. ಒಪ್ಪಿಕೊಳ್ಳುವಾಗ ನಮ್ಮವರಿಗೆ ಎಷ್ಟು ಉತ್ಸಾಹ! ಓದಲು ಕೂರುವಾಗ ಮಾತ್ರ ಪುರುಸೊತ್ತಿಲ್ಲ. ಓದದೆ ಬರೆದದ್ದನ್ನು ಅಚ್ಚು ಮಾಡುವ ನಾವು ಪತ್ರಿಕೆಯವರೂ ಇದಕ್ಕೆ ಹೊಣೆ.

ನೀವು ಹಾಗಲ್ಲ, ಅರ್ಧಂಬರ್ಧ ಎಂದು ನೀವೇ ಒಪ್ಪಿಕೊಂಡಿರಿ. ಹಾಗಾಗಿ ಆ ಮೂರನ್ನು ತೆಗೆಯಿರಿ. ಉಳಿದ ಐದಕ್ಕೆ ಪತ್ತೇದಾರಿಯನ್ನು ಸೇರಿಸಿ. ಒಂದೊಂದನ್ನೂ ಮುಂದಿಟ್ಟುಕೊಂಡು ಕೇಳಿಕೊಳ್ಳಿ: ನಾಳೆ ಇದೇ ಬಂದರೆ ಖುಷಿಯಾಗುತ್ತದಾ? ಮುಖ ಬಾಡಿದರೆ ಅದನ್ನೂ ಕೈಬಿಡಿ, ಆದರೆ ನಿಯಮ ಹೇಳುವ ಕನಿಷ್ಠ ಸಂಖ್ಯೆ ಉಳಿಯುವಂತೆ ನೋಡಿಕೊಳ್ಳಿ. ಕೊನೇ ಗಳಿಗೆಯಲ್ಲಿ ಕೈಯೆತ್ತಿದರೆ ಇನ್ಯಾರೋ ಓಡಿಬಂದು ಆ ಕಥೆ ಬರೆಯಬೇಕಾಗುತ್ತದೆ.

ಆಮೇಲೆ ಆ ಕಾದಂಬರಿಯನ್ನು ಈ ವಾರವೇ ಕಪಾಟಿನಿಂದ ಕೆಳಗಿಳಿಸಿ ಇನ್ನೊಮ್ಮೆ ಓದಿ. ನಾಮಿನೇಷನ್‌ನಲ್ಲಿ ಅದರ ಯಾವ ಪಾತ್ರಗಳ ಹೆಸರಿದೆ ಎಂದೂ ನೋಡಿ. ಜನವರಿಯಲ್ಲಿ ನನಗೊಂದು ಪತ್ರ ಹಾಕಿ, ಕೇಳಿದವರು ಇದ್ದರೋ ಇಲ್ಲವೋ ತಿಳಿಯಲು ಕಾಯುತ್ತಿರುತ್ತೇನೆ.