ಓಮ್ನಿಪೇಕ್ ಸಾಕೇ, ವಿಸಿಪೇಕ್ ಬೇಕೇ?

ಮಧುಮೇಹವಿರುವ, ಕ್ರಿಯಾಟಿನಿನ್ ತುಸು ಏರಿರುವ ನಿಮ್ಮ ತಂದೆಯವರ ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಓಮ್ನಿಪೇಕ್ ಬದಲು ದುಬಾರಿಯಾದ ವಿಸಿಪೇಕ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಎರಡೂ ಸ್ಕ್ಯಾನ್‌ನಲ್ಲಿ ರಕ್ತನಾಳ, ಅಂಗಗಳು ಸ್ಪಷ್ಟವಾಗಿ ಕಾಣಲು ಕೊಡುವ, ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಗಳು. ಸಿಟಿ ವಿಭಾಗದಲ್ಲಿ ತಂತ್ರಜ್ಞನಾಗಿರುವ ನನ್ನ ಅಭಿಪ್ರಾಯದಲ್ಲಿ, ಕೈಯ ಅಭಿಧಮನಿಗೆ ಕೊಡುವ ಇಂಜೆಕ್ಷನ್‌ಗೆ ಆ ಹೆಚ್ಚುವರಿ ಖರ್ಚು ಅನಿವಾರ್ಯವಲ್ಲ.

ಯೂರೋಗ್ರಾಫಿನ್‌ನಂತಹ ಹಳೆಯ ಔಷಧಗಳು ಲವಣಗಳಾದ್ದರಿಂದ ರಕ್ತದಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತಿದ್ದವು. ಅವುಗಳ ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿರುವ ಕಣಗಳ ಸಂಖ್ಯೆಯ ಅಳತೆ) ರಕ್ತದ ಸುಮಾರು ಐದು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿದ್ದು, ವಾಂತಿ, ಉರಿ, ನೋವು ಸಾಮಾನ್ಯವಾಗಿದ್ದವು. ಒಡೆಯದ ಅಣುವನ್ನೇ ಬಳಸಬಹುದೆಂದು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ರೇಡಿಯಾಲಜಿಸ್ಟ್ ಟೋರ್ಸ್ಟನ್ ಆಲ್ಮೆನ್ ಯೋಚಿಸಿದರು. ಆ ದಾರಿಯಲ್ಲೇ ಬಂದದ್ದು ಓಮ್ನಿಪೇಕ್‌ನಲ್ಲಿರುವ ಅಯೋಹೆಕ್ಸಾಲ್. ಇದನ್ನು 'ಕಡಿಮೆ ಆಸ್ಮೊಲಾಲಿಟಿ'ಯದೆಂದು ಕರೆದರೂ ಅದು ಹಳೆಯದಕ್ಕೆ ಹೋಲಿಸಿದ ಮಾತು. ರಕ್ತದಲ್ಲಿ ಸುಮಾರು 290 ಇರುವಲ್ಲಿ, ಮಿಲಿಲೀಟರಿಗೆ 300 ಮಿಲಿಗ್ರಾಂ ಅಯೋಡಿನ್ ಇರುವ ಅಯೋಹೆಕ್ಸಾಲ್‌ನಲ್ಲಿ ಸುಮಾರು 670 ಇರುತ್ತದೆ. ವಿಸಿಪೇಕ್‌ನ ಅಯೋಡಿಕ್ಸನಾಲ್‌ನಲ್ಲಿ ಎರಡು ಉಂಗುರಗಳು ಜೋಡಿಯಾಗಿದ್ದು ಒಂದೇ ಅಣುವಿನಲ್ಲಿ ಆರು ಅಯೋಡಿನ್ ಇರುವುದರಿಂದ ಅಷ್ಟೇ ಅಯೋಡಿನ್‌ಗೆ ಕಡಿಮೆ ಅಣುಗಳು ಸಾಕಾಗಿ, ಅದರ ಆಸ್ಮೊಲಾಲಿಟಿ ರಕ್ತಕ್ಕೆ ಸರಿಸಮನಾಗುತ್ತದೆ.

ಆದರೆ ದೊಡ್ಡ ಅಣುವಿನಿಂದಾಗಿ ಅಯೋಡಿಕ್ಸನಾಲ್‌ಗೆ ಮಂದತೆ (ಹರಿಯಲು ತಡೆಯುವ ಗಟ್ಟಿತನ) ಹೆಚ್ಚು. ಕೋಣೆಯ ತಾಪದಲ್ಲಿ ಅದು ಇಂಜೆಕ್ಟರ್‌ನ ಸಿರಿಂಜಿಗೆ ಎಣ್ಣೆಯಂತೆ ನಿಧಾನವಾಗಿ ಇಳಿಯುತ್ತದೆ. 37 ಡಿಗ್ರಿಗೆ ಬೆಚ್ಚಗಾದರೆ ಮಂದತೆ ಅರ್ಧಕ್ಕಿಂತ ಕೆಳಗಿಳಿಯುವುದರಿಂದ ನಾವು ಬಾಟಲಿಯನ್ನು ವಾರ್ಮರ್‌ನಲ್ಲಿಟ್ಟು ಬಳಸುತ್ತೇವೆ. ಅಯೋಹೆಕ್ಸಾಲ್ ಹರಿದಾಗ ಗಂಟಲಲ್ಲಿ ಬಿಸಿ ಏರಿತು, ಮೂತ್ರ ಹೋದಂತಾಯಿತು ಎನ್ನುವವರು ಹೆಚ್ಚು, ಅಯೋಡಿಕ್ಸನಾಲ್‌ನಲ್ಲಿ ಕಡಿಮೆ. ಕಾಲಿನ ಅಪಧಮನಿಗೆ ನೇರವಾಗಿ ಕೊಡುವ ಆಂಜಿಯೋಗ್ರಾಮ್‌ನಲ್ಲಿ ಈ ಹಿತ ನಿಜಕ್ಕೂ ಬೆಲೆಬಾಳುತ್ತದೆ.

ಮೂತ್ರಪಿಂಡದ ವಿಚಾರದಲ್ಲಿ, ಅಪಧಮನಿಯ ಮೂಲಕ ಔಷಧ ಪಡೆದ ಮಧುಮೇಹಿಗಳ 2003ರ ಅಧ್ಯಯನವೊಂದು ಅಯೋಡಿಕ್ಸನಾಲ್‌ನ ಪರವಾಗಿತ್ತು, ಆದರೆ ನಂತರದ ವಿಶ್ಲೇಷಣೆಗಳಲ್ಲಿ ಅಭಿಧಮನಿಯ ಮೂಲಕ ಕೊಟ್ಟಾಗ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬ್ರ್ಯಾಂಡಿಗಿಂತ ಮೊದಲು ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂಬ ಅಂದಾಜು) ಎಷ್ಟೆಂದು ಕೇಳಿ. ಅದು 30ಕ್ಕಿಂತ ಕೆಳಗಿದ್ದರೆ ಮೂತ್ರಪಿಂಡ ತಜ್ಞರ ಮಾತು, ಔಷಧದ ಪ್ರಮಾಣ, ದೇಹದ ನೀರಿನಂಶ ಇವೇ ಮುಖ್ಯ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸುವ ಬಗ್ಗೆಯೂ ವೈದ್ಯರನ್ನೇ ಕೇಳಿ. ಸಿಗಡಿ ತಿಂದರೆ ಆಗುವ ಅಲರ್ಜಿಗೂ ಕಾಂಟ್ರಾಸ್ಟ್‌ನ ಅಲರ್ಜಿಗೂ ವಿಶೇಷ ನಂಟಿಲ್ಲ. ಹಿಂದೆ ಕಾಂಟ್ರಾಸ್ಟ್‌ನಿಂದಲೇ ದದ್ದು ಎದ್ದಿದ್ದರೆ ಮಾತ್ರ ಆ ಔಷಧದ ಹೆಸರನ್ನು ಬರೆದುಕೊಂಡು ತನ್ನಿ; ಬೇರೊಂದನ್ನು ಆರಿಸಲು ರೇಡಿಯಾಲಜಿಸ್ಟರಿಗೆ ಅದು ಬೇಕಾಗುತ್ತದೆ.